ದಂಡ ಕಟ್ಟಿದ ಮೇಲೂ ಉಳಿಯುವ ಬಾಕಿ

ಬೇಲೂರು, ಹಳೇಬೀಡಿನ ಕೆಲಸ ಮುಗಿಸಿ ಅರಸೀಕೆರೆ ತಲುಪುವಾಗ ಜುಮಾಕ್ಕೆ ತಡವಾಗಿತ್ತು. ಖುತ್ಬಾ ಆರಂಭವಾಗಿದೆಯೆಂಬ ಆತುರದಲ್ಲಿ ನಾವು ಮೂವರು ಒಂದು ಕೊಬ್ಬರಿ ಮಂಡಿಯ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಮಸೀದಿಗೆ ಓಡಿದೆವು. ಮರಳಿ ಬಂದಾಗ ಕಾರಿನ ಬಳಿ ಪೊಲೀಸರಿದ್ದರು. ಮೂಟೆ ತುಂಬಬೇಕಾದ ಲಾರಿ ರಸ್ತೆಯಲ್ಲೇ ಕಾದಿತ್ತು. “ನಮಾಝಿಗೆ ಹೋಗಿದ್ದೆವು, ಹತ್ತು ನಿಮಿಷ ಅಷ್ಟೇ” ಎಂದೆವು. ಪೊಲೀಸರು ಮಾತಾಡದೆ ರಶೀದಿ ಕೊಟ್ಟರು. ದಂಡ ಕಟ್ಟಿ ಕಾರು ಹತ್ತುವಾಗ ಹಮಾಲಿಯೊಬ್ಬರು ಹೇಳಿದರು: “ಸರ್ಕಾರಕ್ಕೆ ಕಟ್ಟಿದ್ರಿ ಸಾಬ್ರೇ. ನಮ್ಮ ಮುಕ್ಕಾಲು ಗಂಟೆ ಯಾರು ಕಟ್ಕೊಡ್ತಾರೆ?”

ಮೂಟೆ ಲೆಕ್ಕದಲ್ಲಿ ಕೂಲಿ ಪಡೆಯುವವರ ಮುಕ್ಕಾಲು ಗಂಟೆ ಎಂದರೇನೆಂದು ನಮಗೆ ತಿಳಿಯದ್ದೇನಲ್ಲ. ಆದರೆ ರಶೀದಿ ಜೇಬಿಗೆ ಸೇರಿದೊಡನೆ ನಮ್ಮ ಮನಸ್ಸು ಹಗುರವಾಗಿಬಿಟ್ಟಿತ್ತು.

ಕಾನೂನಿನ ಮಟ್ಟಿಗೆ ವಿಷಯ ಅಲ್ಲಿಗೇ ಮುಗಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಂತೆ, ರಾಜಿಗೆ ಅರ್ಹವಾದ ಅಪರಾಧಗಳಲ್ಲಿ ಅಧಿಕೃತ ಅಧಿಕಾರಿಗೆ ನಿಗದಿತ ಮೊತ್ತ ಕಟ್ಟಿದರೆ ಮೊಕದ್ದಮೆ ಇಲ್ಲ. ಒಪ್ಪದವರು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೊಳ್ಳಬಹುದು. ಪ್ರತ್ಯೇಕ ದಂಡ ಹೇಳದ ತಪ್ಪುಗಳಿಗಿರುವ 177ನೇ ಕಲಮಿನಲ್ಲಿ ಮೊದಲ ಬಾರಿಗೆ ನೂರು ರೂಪಾಯಿಯಿದ್ದ ಮಿತಿ 2019ರ ತಿದ್ದುಪಡಿಯಿಂದ ಐನೂರಾಯಿತು. ಇವೆಲ್ಲ ನಮಗೂ ಸರಕಾರಕ್ಕೂ ನಡುವಿನ ಲೆಕ್ಕ. ಹಮಾಲಿಯ ಹೆಸರು ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

2023ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಬಾಕಿ ಸಂಚಾರ ದಂಡದಲ್ಲಿ ಶೇ. 50 ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮಿಕ್ಕಿ ಸಂಗ್ರಹವಾಯಿತು. ಅದೇ ವರ್ಷ ಮತ್ತೆ ಅವಕಾಶ ಸಿಕ್ಕಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ. ಬಾಕಿ ತೀರಿತು, ಕಡತಗಳು ಇಳಿದವು, ಒಪ್ಪೋಣ. ತಪ್ಪಿದ ದಿನವೇ ಪೂರ್ತಿ ಕಟ್ಟಿದವನು ಪೆದ್ದನಾದ ಎಂಬ ಗೊಣಗಾಟವೂ ಕೇಳಿಬಂತು, ಅದರಲ್ಲಿ ಹುರುಳಿಲ್ಲದಿಲ್ಲ. ಸರಕಾರ ತನ್ನ ಹಕ್ಕನ್ನು ಅರ್ಧ ಬಿಟ್ಟುಕೊಡಬಹುದು. ಆದರೆ ನಮ್ಮ ಗಾಡಿಯಿಂದಾಗಿ ದಾರಿ ಸಿಗದೆ ನಿಂತವನ ಹಕ್ಕನ್ನು ಅರ್ಧ ಮಾಡಲು ಸರಕಾರ ಯಾರು?

ಇಸ್ಲಾಮಿನಲ್ಲಿ ಅಲ್ಲಾಹನ ಹಕ್ಕು ಬೇರೆ, ದಾಸರ ಹಕ್ಕು ಬೇರೆ. ಮೊದಲನೆಯದಕ್ಕೆ ತೌಬಾ ಸಾಕಾದೀತು. ಎರಡನೆಯದಕ್ಕೆ ಹಕ್ಕುದಾರನೇ ಕ್ಷಮಿಸಬೇಕು. ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಒಂದೆಂದು ಪ್ರವಾದಿ(ಸ) ಎಣಿಸಿದರು. ದಾರಿಗೂ ಹಕ್ಕುಗಳಿವೆ, ಇತರರಿಗೆ ತೊಂದರೆ ಕೊಡದಿರುವುದು ಅದರಲ್ಲಿ ಸೇರಿದೆ ಎಂದು ಕಲಿಸಿದರು. ಶುಕ್ರವಾರ ಮಧ್ಯಾಹ್ನ ನಮ್ಮ ಮಸೀದಿಗಳ ಮುಂದೆ ಎರಡು ಸಾಲು ಬೈಕುಗಳು ನಿಲ್ಲುವುದನ್ನು ನೋಡಿದರೆ, ದಾರಿಯ ತೊಂದರೆ ಸರಿಸಬೇಕಾದವರೇ ಅದನ್ನು ತಂದಿಟ್ಟು ಒಳಗೆ ಸುಜೂದಿಗೆ ಬಾಗಿದಂತಾಗುತ್ತದೆ. ಹೊರಗೆ ಹೆರಿಗೆ ನೋವಿನ ಹೆಂಗಸನ್ನು ಕರೆದೊಯ್ಯುವ ಆಟೋ ಸಿಲುಕಿದ್ದರೆ?

ಹಾಗೆಂದು ಯಾವ ನೋಟೀಸು ಬಂದರೂ ತಲೆಬಾಗಿ ಕಟ್ಟಬೇಕೆಂದಲ್ಲ. ಹಳೇಬೀಡು, ಬೇಲೂರಿಗೆ ದೂರದಿಂದ ಬಂದ ಪ್ರವಾಸಿಗನೊಬ್ಬ ನಿಷೇಧದ ಫಲಕವೇ ಇಲ್ಲದಲ್ಲಿ, ಯಾರಿಗೂ ಅಡ್ಡಿಯಾಗದಂತೆ ನಿಲ್ಲಿಸಿದ್ದರೆ ಅದನ್ನು ಹೇಳಿಕೊಳ್ಳುವುದು ಅವನ ಹಕ್ಕು. ಎಂದೋ ಮಾರಿದ ಸ್ಕೂಟರಿನ ದಂಡ ಹಳೆಯ ಮಾಲೀಕನ ಹೆಸರಿಗೆ ಬರುವುದುಂಟು. ಅಂಥವರು ಮಾರಾಟದ ಕಾಗದವಿದ್ದರೆ ಹಿಡಿದು ಹೋಗಬೇಕು. (ರಾಜ್ಯದೊಳಗೆ ಮಾರಿದರೆ ಹದಿನಾಲ್ಕು ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಪಾಲಿಸುತ್ತೇವೆ!) ಐನೂರು ರೂಪಾಯಿ ಉಳಿಸಲು ಒಂದು ದಿನದ ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯುವುದಕ್ಕಿಂತ ಮಾಡದ ತಪ್ಪಿಗೆ ಕಟ್ಟಿಬಿಡುವ ಬಡವನನ್ನು ನಾವು ದೂಷಿಸಲಾರೆವು. ಅದು ಅವನ ಸೋಲಲ್ಲ, ವ್ಯವಸ್ಥೆಯದು.

ಕಷ್ಟವಿರುವುದು ಇನ್ನೊಂದು ಬಗೆಯ ತಕರಾರಿನಲ್ಲಿ. ತಪ್ಪು ಮಾಡಿದ್ದು ನಮಗೆ ಗೊತ್ತು. ಆದರೆ ಕ್ಯಾಮರಾದ ಚಿತ್ರ ಮಸುಕಾಗಿದೆ, ನಂಬರಿನ ಒಂದು ಅಂಕಿ ಕಾಣುವುದಿಲ್ಲ. ವಕೀಲರು ಗೆಲ್ಲಬಹುದು ಎನ್ನುತ್ತಾರೆ. ಕಾನೂನು ಸಾಕ್ಷ್ಯ ಕೇಳುವುದು ಸರಿಯೇ, ಇಲ್ಲದಿದ್ದರೆ ನಿರಪರಾಧಿಗಳಿಗೆ ರಕ್ಷಣೆಯಿಲ್ಲ. ಆದರೆ ನಾವು ಬಾಯಿಬಿಟ್ಟು “ಅಲ್ಲಿ ನಿಲ್ಲಿಸಿರಲಿಲ್ಲ” ಎಂದ ಕ್ಷಣ ಪಾರ್ಕಿಂಗಿನ ತಪ್ಪು ಸುಳ್ಳಿನ ತಪ್ಪಾಗಿ ಬೆಳೆಯುತ್ತದೆ. ಶಾಸಕರಿಗೆ ಫೋನು ಮಾಡಿಸುವುದೂ, ರಶೀದಿಯಿಲ್ಲದೆ ನೂರು ರೂಪಾಯಿ ಕೈಗಿಡುವುದೂ ಇದೇ ಜಾತಿಯವು. ಕೈಗಿಟ್ಟರಂತೂ ಲಂಚದ ಪಾಪವೂ ಸೇರಿಕೊಳ್ಳುತ್ತದೆ.

ಎರಡು ವಾರ ಕಳೆದು ಮತ್ತೆ ಅರಸೀಕೆರೆಗೆ ಹೋದಾಗ ಕಾರನ್ನು ದೂರದಲ್ಲಿ ನಿಲ್ಲಿಸಿ ಆ ಮಂಡಿಗೆ ನಡೆದು ಹೋದೆವು. ಹಮಾಲಿ ಅಲ್ಲಿರಲಿಲ್ಲ. “ಯಾರನ್ನ ಕೇಳ್ತಿದೀರಿ?” ಎಂದರು ಲೆಕ್ಕ ಬರೆಯುವವರು. ನಾವು ಅವರ ಹೆಸರನ್ನೇ ಕೇಳಿರಲಿಲ್ಲ. ಎತ್ತರದವರು, ತಲೆಗೆ ಕೆಂಪು ಟವೆಲು ಎಂದು ವಿವರಿಸಿದೆವು. ತಿಪಟೂರಿನ ಕಡೆ ಕೆಲಸಕ್ಕೆ ಹೋಗಿರಬೇಕು, ಸೀಸನ್ನು ಮುಗಿದ ಮೇಲೆ ಬರಬಹುದು ಎಂದರು.