ಆಹಾರವೂ ಆಪ್ತವಾಕ್ಯವೂ

ಆಹಾರ, ನಿದ್ರೆ, ಭಯ, ಮೈಥುನಗಳು ಪಶುವಿಗೂ ಮನುಷ್ಯನಿಗೂ ಸಮಾನವಾದುವೆಂದೂ, ಧರ್ಮವೊಂದೇ ಮನುಷ್ಯನಲ್ಲಿ ಹೆಚ್ಚಿನದೆಂದೂ ಹೇಳುವ ಹಿತೋಪದೇಶದ ಅಭಿಪ್ರಾಯವನ್ನು ನಮ್ಮಲ್ಲಿ ಕೇಳದವರು ವಿರಳ. ವಿಭಾಗವು ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದರೊಳಗಿನ ತೊಡಕು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಸಿವು ದೇಹದ್ದು, ನಿಜ. ಆದರೆ ಯಾವುದನ್ನು ತಿನ್ನಬೇಕು, ಯಾವುದನ್ನು ಮುಟ್ಟಬಾರದು, ಯಾರ ಕೈಯಿಂದ, ಯಾರ ಪಕ್ಕದಲ್ಲಿ ಕುಳಿತು ಉಣ್ಣಬೇಕು ಎಂಬುವು ಹಸಿವಿನ ವಿಷಯಗಳಲ್ಲ, ಆಚಾರದ ವಿಷಯಗಳು. ಆಚಾರವಾದರೋ ಧರ್ಮದ ಮೂಲಗಳಲ್ಲಿ ಒಂದೆಂದು ಮನುಸ್ಮೃತಿಯೇ ಎಣಿಸಿದೆ. ಹುಟ್ಟಿನೊಡನೆ ಬಾರದೆ ಹಿರಿಯರಿಂದ ಕಿರಿಯರಿಗೆ ದಾಟಿಬರುವ ಆಹಾರಪದ್ಧತಿಯು ಪ್ರಾಣಿಗಳಲ್ಲಿಯೂ ಉಂಟೆಂದು ತೋರಿಬಂದ ಪಕ್ಷದಲ್ಲಿ, ಆಚಾರಕ್ಕೆ ನಾವು ಸಲ್ಲಿಸುತ್ತ ಬಂದಿರುವ ಪ್ರಾಮಾಣ್ಯವು ಎಲ್ಲಿಂದ ಬಂದಿತೆಂಬುದನ್ನು ಮತ್ತೊಮ್ಮೆ ವಿಚಾರಿಸಬೇಕಾಗುತ್ತದೆ.

ಜಪಾನಿನ ಮಿಯಾಝಾಕಿ ಪ್ರಾಂತದ ಕರಾವಳಿಗೆ ಸಮೀಪದಲ್ಲಿ ಕೋಶಿಮಾ ಎಂಬ ಸಣ್ಣ ದ್ವೀಪವಿದೆ. ಕ್ಯೋಟೋ ವಿಶ್ವವಿದ್ಯಾನಿಲಯದ ಇಮಾನಿಶಿ ಕಿಂಜಿಯವರೂ ಅವರ ಶಿಷ್ಯರೂ ಅಲ್ಲಿನ ಕೋತಿಗಳಿಗೆ ಒಂದೊಂದಕ್ಕೂ ಹೆಸರಿಟ್ಟು ಗುರುತಿಸಿ, 1952ರಿಂದ ಕಡಲದಂಡೆಯ ಮರಳಿನ ಮೇಲೆ ಗೆಣಸು ಚೆಲ್ಲಿ ಅವುಗಳ ನಡವಳಿಕೆಯನ್ನು ಗಮನಿಸುತ್ತಿದ್ದರು. 1953ರಲ್ಲಿ ಇಮೋ ಎಂಬ ಒಂದೂವರೆ ವರ್ಷದ ಹೆಣ್ಣುಮರಿಯು ಮರಳು ಮೆತ್ತಿದ ಗೆಣಸೊಂದನ್ನು ತೊರೆಯ ನೀರಿನಲ್ಲಿ ಅದ್ದಿ, ಕೈಯಿಂದ ಉಜ್ಜಿ ತಿಂದಿತು. ಮೊದಮೊದಲು ಕಲಿತವು ಅದರೊಡನೆ ಆಡುತ್ತಿದ್ದ ಮರಿಗಳು, ಮತ್ತು ಅದರ ತಾಯಿ. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದೊಳಗಿನ 19 ಕೋತಿಗಳಲ್ಲಿ 15 ಗೆಣಸು ತೊಳೆಯುತ್ತಿದ್ದವು. ಅವಕ್ಕಿಂತ ಹಿರಿಯವಾದ 11ರಲ್ಲಿ ಎರಡು ಮಾತ್ರ, ಆ ಎರಡೂ ಹೆಣ್ಣು. ಕ್ರಮೇಣ ತೊರೆಯನ್ನು ಬಿಟ್ಟು ಕಡಲಿಗೇ ಹೋಗಿ, ಒಂದು ತುತ್ತು ಕಚ್ಚಿ ಮತ್ತೆ ಉಪ್ಪುನೀರಿಗೆ ಅದ್ದಿ ತಿನ್ನುವ ರೂಢಿಯೂ ಬೆಳೆಯಿತು. ಮರಳು ಹೋದ ಮೇಲೂ ಅದ್ದುವುದು ಶುಚಿಗಾಗಿ ಅಲ್ಲ, ರುಚಿಗಾಗಿ ಎಂದು ಊಹಿಸುವುದು ಅಸಂಗತವಲ್ಲ. ಮುಂದಿನ ತಲೆಮಾರಿನ ಮರಿಗಳು ತಾಯಿಯನ್ನು ಅಂಟಿಕೊಂಡಿದ್ದಾಗಲೇ ನೀರಿನೊಳಕ್ಕೆ ಬಿದ್ದ ಚೂರುಗಳನ್ನು ಆಯ್ದು ತಿಂದು ಬೆಳೆದುವು. ಯಾವುದು ಇಮೋವಿನ ಪಾಲಿಗೆ ಹೊಸ ಉಪಾಯವಾಗಿದ್ದಿತೋ ಅದು ಇವುಗಳ ಪಾಲಿಗೆ ಗೆಣಸಿನ ಸ್ವಭಾವವೇ ಆಯಿತು.

ಈ ವೃತ್ತಾಂತಕ್ಕೆ ಅಧ್ಯಾತ್ಮದ ಬಣ್ಣ ಬಳಿದವರೂ ಉಂಟು. ನೂರನೆಯ ಕೋತಿಯು ಕಲಿತ ಕ್ಷಣದಲ್ಲಿ ಆ ವಿದ್ಯೆಯು ಸಮುದ್ರವನ್ನು ಹಾರಿ ಬೇರೆಡೆಯ ಕೋತಿಗಳ ಚಿತ್ತದಲ್ಲಿ ತಾನಾಗಿ ಉದಿಸಿತೆಂಬ ಕಥೆಯನ್ನು ಲಯಾಲ್ ವಾಟ್ಸನ್ 1979ರಲ್ಲಿ ಹಬ್ಬಿಸಿದನು. ವಿಶ್ವಚೈತನ್ಯಕ್ಕೆ ಇದೇ ಸಾಕ್ಷಿಯೆಂದು ಹೇಳುವವರು ಇಂದಿಗೂ ಇದ್ದಾರೆ. 1962ರಲ್ಲಿ ಸಹ ಆ ಗುಂಪಿನಲ್ಲಿದ್ದ ಕೋತಿಗಳು 59. ಕಣ್ಣೆದುರಿಗೇ ನಡೆಯುತ್ತಿದ್ದುದನ್ನು ಅಲ್ಲಿನ ಹಿರಿಯ ಗಂಡುಗಳೇ ಕಲಿಯಲಿಲ್ಲವೆಂದ ಮೇಲೆ ಸಾಗರೋಲ್ಲಂಘನದ ಮಾತೇಕೆ? ಚೈತನ್ಯದ ಏಕತ್ವವನ್ನು ನಂಬುವವರಿಗೆ ಇಂಥ ಊರುಗೋಲು ಬೇಕಾಗಿಯೂ ಇಲ್ಲ.

ಒಂದೊಂದು ಕೋತಿಯೂ ತೊಳೆಯುವುದನ್ನು ಸ್ವಂತವಾಗಿ ಕಂಡುಕೊಂಡಿರಬಹುದಲ್ಲವೆ ಎಂಬ ಸಂದೇಹಕ್ಕೆ ಕೋಶಿಮಾದಲ್ಲಿ ಎಡೆಯಿದೆ. ದಕ್ಷಿಣ ಆಫ್ರಿಕದ ವರ್ವೆಟ್ ಕೋತಿಗಳ ಮೇಲೆ ಎರಿಕಾ ವಾನ್ ಡಿ ವಾಲ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಎಡೆ ಬಹಳ ಕಡಮೆ. ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ನಾಲ್ಕು ಗುಂಪುಗಳ ಮುಂದೆ ಗುಲಾಬಿ ಬಣ್ಣದ ಮೆಕ್ಕೆಜೋಳವನ್ನೂ ನೀಲಿ ಬಣ್ಣದ ಮೆಕ್ಕೆಜೋಳವನ್ನೂ ಬೇರೆ ಬೇರೆಯಾಗಿ ಇಟ್ಟು, ಎರಡು ಗುಂಪುಗಳಿಗೆ ಒಂದು ಬಣ್ಣದ್ದನ್ನೂ ಮಿಕ್ಕೆರಡಕ್ಕೆ ಇನ್ನೊಂದನ್ನೂ ಲೋಳೆಸರದಿಂದ ಕಹಿ ಮಾಡಿದರು. ತಿಂಗಳುಗಳ ಬಳಿಕ ಕಹಿಯನ್ನು ಸಂಪೂರ್ಣವಾಗಿ ತೆಗೆದು ಎರಡನ್ನೂ ಮತ್ತೆ ಇಟ್ಟಾಗ, ಕಹಿಯನ್ನು ಎಂದೂ ನಾಲಗೆಯಿಂದ ಅರಿಯದಿದ್ದ 27 ಎಳೆಮರಿಗಳಲ್ಲಿ 26 ತಮ್ಮ ತಾಯಿ ತಿನ್ನುವ ಬಣ್ಣವನ್ನೇ ತಿಂದವು. ಅಷ್ಟೇ ಸಮೀಪದಲ್ಲಿದ್ದ, ಅಷ್ಟೇ ಸವಿಯಾದ ಇನ್ನೊಂದು ರಾಶಿಯನ್ನು ಮುಟ್ಟಲಿಲ್ಲ. ಇದಕ್ಕಿಂತ ಸೋಜಿಗವಾದುದು ಬೆಳೆದ ಗಂಡುಗಳ ನಡತೆ. ಗಂಡು ವರ್ವೆಟ್ಟು ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ಗುಂಪನ್ನು ಬಿಟ್ಟು ಬೇರೊಂದನ್ನು ಸೇರುತ್ತದೆ. ಹಾಗೆ ಎದುರು ಬಣ್ಣದ ಗುಂಪನ್ನು ಸೇರಿದ ಹತ್ತು ಗಂಡುಗಳಲ್ಲಿ ಒಂಬತ್ತು, ತಾವು ಅಷ್ಟು ಕಾಲ ತಿಂದು ನೆಚ್ಚಿದ್ದ ಬಣ್ಣವನ್ನು ತೊರೆದು, ತಮ್ಮ ನಾಲಗೆಯೇ ಹಿಂದೊಮ್ಮೆ ಕಹಿಯೆಂದು ತಿರಸ್ಕರಿಸಿದ್ದ ಬಣ್ಣವನ್ನು ಹೊಸ ಊರಿನವರು ತಿನ್ನುತ್ತಿದ್ದರೆಂಬ ಒಂದೇ ಕಾರಣದಿಂದ ಎಂಬಂತೆ ತಿನ್ನತೊಡಗಿದುವು.

ಪ್ರಮಾಣಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಶಬ್ದವು ಪ್ರತ್ಯಕ್ಷವನ್ನು ಬಾಧಿಸಿತು. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ನ್ಯಾಯಸೂತ್ರ. ವಸ್ತುವನ್ನು ಸಾಕ್ಷಾತ್ತಾಗಿ ಬಲ್ಲವನೂ ಬಲ್ಲುದನ್ನು ತಿಳಿಸುವ ಇಚ್ಛೆಯುಳ್ಳವನೂ ಆಪ್ತನೆಂದು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ವಾತ್ಸ್ಯಾಯನನ ಭಾಷ್ಯ. ಮರ್ಕಟವನ್ನು ಸೇರಿಸಲು ಭಾಷ್ಯಕಾರನು ಒಪ್ಪುತ್ತಿದ್ದನೋ ಇಲ್ಲವೋ, ತಾಯಿ ಕೋತಿಗೆ ಕಹಿಯ ಸಾಕ್ಷಾತ್ಕಾರವಂತೂ ಇದ್ದಿತು. ಮಾತು ಮಾತ್ರ ಇರಲಿಲ್ಲ. ವಿಷವಿರುವ ಕಾಡಿನಲ್ಲಿ ಪ್ರತಿಯೊಂದು ಕಾಯನ್ನೂ ಸ್ವಾನುಭವದಿಂದ ಪರೀಕ್ಷಿಸಹೊರಟ ಮರಿಗೆ ಮೊದಲ ಪರೀಕ್ಷೆಯೇ ಕಡೆಯದಾಗಬಹುದು. ಆದಕಾರಣ ಶ್ರದ್ಧೆಯೆಂಬುದು ಬುದ್ಧಿಯು ಸೋತ ಮೇಲೆ ಹಿಡಿಯುವ ಆಸರೆಯಲ್ಲ. ಬುದ್ಧಿಗಿಂತ ಮುಂಚೆಯೇ ಜೀವಿಗಳಲ್ಲಿ ನೆಲೆಗೊಂಡ ಒಂದು ಜಾಣತನ. ಪ್ರತ್ಯಕ್ಷವಲ್ಲದ್ದಕ್ಕೆ ಪ್ರಾಮಾಣ್ಯವಿಲ್ಲವೆಂದು ಹೇಳಿದ ಚಾರ್ವಾಕನೂ ಎಳೆತನದಲ್ಲಿ ತಾಯಿ ಕಲಸಿಟ್ಟ ತುತ್ತನ್ನು ಪರೀಕ್ಷಿಸದೆಯೇ ನುಂಗಿದ್ದಿರಬೇಕು.

ಮನುಷ್ಯರಲ್ಲಿ ಈ ಶ್ರದ್ಧೆಯ ಬೆಲೆ ಎಷ್ಟೆಂಬುದನ್ನು ಅದೇ ಮೆಕ್ಕೆಜೋಳವು ತೋರಿಸಿಕೊಟ್ಟಿದೆ. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಆ ಕಾಳನ್ನು ಸುಣ್ಣದ ನೀರಿನಲ್ಲಿಯೋ ಬೂದಿಯ ನೀರಿನಲ್ಲಿಯೋ ಬೇಯಿಸಿ, ನೆನೆಯಿಟ್ಟು, ತೊಳೆದು, ಅರೆದು ರೊಟ್ಟಿ ತಟ್ಟುತ್ತಾರೆ. ಏಕೆಂದು ಕೇಳಿದ್ದರೆ ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು ಎಂಬುದಕ್ಕಿಂತ ಮಿಗಿಲಾದ ಉತ್ತರವು ಅಲ್ಲಿನ ಹಿಂದಿನ ಕಾಲದ ಗೃಹಿಣಿಗೆ ತೋಚುತ್ತಿರಲಿಲ್ಲ. ಯೂರೋಪಿಯನ್ನರು ಕಾಳನ್ನು ಕೊಂಡೊಯ್ದು ಅಜ್ಜಿಯನ್ನು ಅಲ್ಲಿಯೇ ಬಿಟ್ಟರು. ಸುಣ್ಣವಿಲ್ಲದ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಚರ್ಮವು ಬಿರಿದು, ಹೊಟ್ಟೆ ಕೆಟ್ಟು, ಬುದ್ಧಿ ಕದಡಿ ಕೊಲ್ಲುವ ರೋಗವೊಂದು ತಲೆದೋರಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು 1735ರಲ್ಲಿ ಗುರುತಿಸಿದನು. ಉತ್ತರ ಇಟಲಿಯಲ್ಲಿ ಅದಕ್ಕೆ ಪೆಲಾಗ್ರ ಎಂಬ ಹೆಸರಾಯಿತು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಹಬ್ಬಿದಾಗ, ಇದು ಅಂಟುರೋಗವಲ್ಲ, ಆಹಾರದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಸಾಧಿಸಿ ತೋರಿಸಬೇಕಾಯಿತು. ಕೊರತೆಯು ನಯಾಸಿನ್ ಎಂಬ ಜೀವಸತ್ವದ್ದೆಂದು ತಿಳಿದುಬಂದದ್ದು 1937ರಲ್ಲಿ. ಕಾಳಿನೊಳಗೆ ಬಂಧಿತವಾಗಿ ದೇಹಕ್ಕೆ ದಕ್ಕದೆ ಹೋಗುವ ಆ ಸತ್ವವನ್ನು ಸುಣ್ಣವು ಬಿಡಿಸಿಕೊಡುತ್ತದೆ. ಕಾರಣ ತಿಳಿಯದ ಮಾತ್ರಕ್ಕೆ ಆಚಾರವನ್ನು ನಿಷ್ಕಾರಣವೆಂದು ತೆಗೆದುಹಾಕುವವರಿಗೆ ಇದೊಂದೇ ದೃಷ್ಟಾಂತ ಸಾಕು.

ಇಲ್ಲಿಗೇ ನಿಲ್ಲಿಸಿದರೆ ಸಂಪ್ರದಾಯಸ್ಥರಿಗೆ ಸಂತೋಷವಾಗುತ್ತದೆ; ಆದರೆ ವಿಷಯ ಇಲ್ಲಿಗೆ ನಿಲ್ಲದು. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಅನ್ನದ ಸೂಕ್ಷ್ಮಾಂಶವೇ ಮನಸ್ಸಾಗುತ್ತದೆಂದು ಮಗ ಶ್ವೇತಕೇತುವಿಗೆ ತಿಳಿಸುವಾಗ, ತಾನು ತಂದೆ, ತನ್ನ ಮಾತನ್ನು ನಂಬತಕ್ಕದ್ದು ಎಂದು ಮುಗಿಸಿಬಿಡುವುದಿಲ್ಲ. ಹದಿನೈದು ದಿನ ನೀರಿನ ಹೊರತು ಏನನ್ನೂ ಸೇವಿಸದಿರುವಂತೆ ವಿಧಿಸಿ, ಅನಂತರ ವೇದವನ್ನು ಹೇಳೆನ್ನುತ್ತಾನೆ. ಮಗನಿಗೆ ಒಂದು ಋಕ್ಕೂ ಹೊಳೆಯುವುದಿಲ್ಲ. ಉಂಡುಬಂದ ಮೇಲೆ ಕೇಳಿದ್ದೆಲ್ಲವೂ ಹೊಳೆಯುತ್ತದೆ. ತಾನು ಕೊಟ್ಟ ಉಪದೇಶವನ್ನು ಶಿಷ್ಯನ ಹೊಟ್ಟೆಯಲ್ಲಿಯೇ ಪರೀಕ್ಷೆಗೆ ಒಡ್ಡುವ ಹಿರಿಯನು ಕೋಶಿಮಾದಲ್ಲಿಯೂ ಇಲ್ಲ, ವರ್ವೆಟ್ಟುಗಳ ಕಾಡಿನಲ್ಲಿಯೂ ಇಲ್ಲ. ಸುಭಾಷಿತಕಾರನು ಹೇಳಿದ ಆ ಹೆಚ್ಚಿನದು ಯಾವುದೆಂದು ಕೇಳಿದರೆ, ನಾನು ಆಚಾರವನ್ನಲ್ಲ, ಉದ್ದಾಲಕನ ಈ ಧೈರ್ಯವನ್ನು ತೋರಿಸುವೆನು.

ಆಚಾರವನ್ನು ಪರೀಕ್ಷಿಸುವ ಕ್ರಮವನ್ನು ಕರ್ಮಠರೆನಿಸಿದ ಮೀಮಾಂಸಕರೇ ಹೇಳಿದ್ದಾರೆಂಬುದು ನಮ್ಮಲ್ಲಿ ಹಲವರಿಗೆ ಮರೆತಿದೆ. ಸ್ಮೃತಿಯೊಂದರ ಹಿಂದೆ ಲೌಕಿಕವಾದ ಹೇತುವು ಕಾಣಿಸಿದರೆ ಅದಕ್ಕೆ ಪ್ರಾಮಾಣ್ಯವಿಲ್ಲವೆಂದು ಜೈಮಿನಿ ಸೂತ್ರಿಸಿದನು; ಸೋಮಯಾಗದಲ್ಲಿ ವೈಸರ್ಜನ ಹೋಮದ ವಸ್ತ್ರವು ಅಧ್ವರ್ಯುವಿಗೆ ಸಲ್ಲತಕ್ಕದ್ದೆಂಬ ವಿಧಿಯನ್ನು ಉದಾಹರಿಸಿ, ಇದರ ಮೂಲವು ವೇದವಲ್ಲ, ಲೋಭ ಎಂದು ಶಬರಸ್ವಾಮಿಯು ದಾಕ್ಷಿಣ್ಯವಿಲ್ಲದೆ ನುಡಿದನು. ಸುಣ್ಣದ ನೀರಿನ ಆಚಾರವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಯಾರ ಲೋಭವೂ ಕಾಣುವುದಿಲ್ಲ. ಪಂಕ್ತಿಭೇದವನ್ನು ಹಚ್ಚಿದರೆ, ಯಾರು ಒಳಗೆ ಕುಳಿತು ಉಣ್ಣುತ್ತಾರೆ, ಯಾರು ಹೊರಗೆ ಕಾಯುತ್ತಾರೆ ಎಂಬುದರಲ್ಲಿಯೇ ಹೇತುವು ಹಗಲಿನಷ್ಟು ಬಿಚ್ಚಿಕೊಂಡಿದೆ.

ವರ್ವೆಟ್ಟುಗಳ ಹತ್ತನೆಯ ಗಂಡಿನ ವಿಷಯವನ್ನು ಹೇಳದೆ ಉಳಿಸಿಕೊಂಡಿದ್ದೆ. ಎಲ್ಲರೂ ಬಣ್ಣ ಬದಲಾಯಿಸಿದಾಗಲೂ ತನ್ನ ಹಳೆಯ ಬಣ್ಣವನ್ನೇ ತಿಂದ ಆ ಗಂಡು, ಹೊಸ ಗುಂಪಿಗೆ ಬಂದೊಡನೆಯೇ ಅಲ್ಲಿನ ಅಗ್ರಸ್ಥಾನವನ್ನು ಹಿಡಿದಿದ್ದಿತು. ಊರಿನ ಆಚಾರಕ್ಕೆ ತಲೆಬಾಗುವುದರಲ್ಲಿ ಜಾಣತನವೆಷ್ಟು, ಅಧಿಕಾರದ ಅಂಜಿಕೆಯೆಷ್ಟು ಎಂಬ ಪ್ರಶ್ನೆ ಹೀಗೆ ಕೋತಿಗಳಲ್ಲಿಯೇ ಆರಂಭವಾಗಿದೆ. ಮನುವು ಧರ್ಮದ ಮೂಲಗಳನ್ನು ಎಣಿಸುವಾಗ ವೇದ, ಸ್ಮೃತಿ, ಸದಾಚಾರಗಳಾದ ಮೇಲೆ ಕಟ್ಟಕಡೆಗೆ ಆತ್ಮತುಷ್ಟಿಯನ್ನು ಇಟ್ಟನು. ಕುಲ್ಲೂಕಭಟ್ಟನು ಅದನ್ನು ಶಾಸ್ತ್ರವೇ ಎರಡು ಮಾರ್ಗಗಳನ್ನು ತೆರೆದಿಟ್ಟ ಸ್ಥಳಗಳಿಗೆ, ಎಂದರೆ ವಿಕಲ್ಪದ ವಿಷಯಗಳಿಗೆ ಮಾತ್ರ ಸೀಮಿತಗೊಳಿಸಿದನು. ಕಹಿಯು ಹೋದ ಮೇಲೆ ಆ ಎರಡು ಬಣ್ಣದ ಕಾಳೂ ಅಂಥ ವಿಕಲ್ಪವೇ ಆಗಿದ್ದಿತು. ವಲಸೆ ಬಂದ ಹತ್ತರಲ್ಲಿ ಆತ್ಮತುಷ್ಟಿಯನ್ನು ಬಳಸಿಕೊಂಡದ್ದು ಯಜಮಾನಿಕೆ ದೊರೆತ ಆ ಒಂದೇ ಗಂಡು.