ಕೊಕ್ಕರೆಯ ದಾರಿ

ಕ್ರಿಸ್ಮಸ್ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲೆಂದು ಯೋಚಿಸುತ್ತಿರುವಿರಾ? ಕಾರವಾರ, ಅಂಕೋಲೆಯವರು ಘಟ್ಟ ಹತ್ತಿ ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿಬನ್ನಿ. ಬರೀ 2.23 ಚದರ ಕಿಲೋಮೀಟರು, ಅದರಲ್ಲೊಂದು ಜಲಾಶಯ. ಚಳಿಗಾಲದಲ್ಲಿ ದೂರದೂರದ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆಗೆ ಹೋಗಿ ಹಕ್ಕಿಯೇ ಇಲ್ಲವೆಂದು ಗೊಣಗಬೇಡಿ.

ಕೊಕ್ಕರೆಗೂ ತನ್ನ ಕಾಲ ಗೊತ್ತೆಂದ ಪ್ರವಾದಿ ಯೆರೆಮೀಯ ಹೊಗಳಿದ್ದು ಹಕ್ಕಿಯನ್ನು, ಗದರಿಸಿದ್ದು ದೇವರ ನ್ಯಾಯ ಅರಿಯದ ಜನರನ್ನು. ಆ ದಡದಲ್ಲಿ ನಿಂತಾಗ ನನಗೆ ನಮ್ಮ ಕರಾವಳಿಯೇ ನೆನಪಾಯಿತು. 1986ರಲ್ಲಿ ಇಲ್ಲಿ ಅಡಿಗಲ್ಲು ಹಾಕಿದ ನೌಕಾನೆಲೆ ಯೋಜನೆಯ ಹೆಸರೂ ಸೀಬರ್ಡ್, ಕಡಲಹಕ್ಕಿ! ಅದಕ್ಕಾಗಿ ಅರ್ಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟವು. ದೇಶಕ್ಕೆ ಕಾವಲು ಬೇಕು, ಒಪ್ಪೋಣ. ಆದರೆ ಹಕ್ಕಿಗೆ ಬರುವ ವರ್ಷವೂ ಅದೇ ನೀರಿಗೆ ಮರಳುವ ದಾರಿಯಿದೆ, ಇವರಿಗಿಲ್ಲ.

ನಿಮ್ಮ ಧರ್ಮಕೇಂದ್ರದ ಸಮೀಪದ ಪುನರ್ವಸತಿ ಕಾಲೊನಿಯಲ್ಲೂ ಅಂಥ ಅಜ್ಜಿಯೊಬ್ಬರು ಇದ್ದಾರು. ಅತ್ತಿವೇರಿಯಿಂದ ಬಂದ ಮರುದಿನ ಮಕ್ಕಳೊಡನೆ ಅವರ ಮನೆಗೂ ಹೋಗಿ. ಬಿಟ್ಟುಬಂದ ಅಂಗಳದಲ್ಲಿ ಯಾವ್ಯಾವ ಮರಗಳಿದ್ದವೆಂದು ಕೇಳಿ. ಗಡಿಯಾರ ನೋಡಬೇಡಿ.