ನಂಜುಂಡವರ ಕೊರಳು

ನಮ್ಮೂರ ದೇವರು ವೈದ್ಯ. ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನಿಗೆ ಉರುಳುಸೇವೆ ಮಾಡಿದರೆ ರೋಗ ನೀಗುವುದೆಂಬ ನಂಬಿಕೆ ನಂಜನಗೂಡಿನಲ್ಲಿ ಬಹಳ ಹಳೆಯದು. ಪಟ್ಟದಾನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಪಚ್ಚೆಯ ಲಿಂಗವನ್ನೊಪ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯೂ ಉಂಟು. ಆದರೆ ಈ ವೈದ್ಯನ ಹೆಸರಿನಲ್ಲೇ ಒಂದು ಎಚ್ಚರಿಕೆ ಇದೆ: ಆತ ನಂಜನ್ನು ಉಂಡವನು. ಪರರ ಸಂಕಟ ಕಳೆಯಹೊರಟವರು ವಿಷ ಕುಡಿಯಲೇಬೇಕೇ? ಕುಡಿದರೆ ಅದನ್ನು ಎಲ್ಲಿಟ್ಟುಕೊಳ್ಳಬೇಕು?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ತಂಗಿಯ ಮಗಳಿಂದ. ಅವಳು ಆಪ್ತಸಮಾಲೋಚಕಿ, ನೊಂದವರ ಮಾತು ಕೇಳುವುದೇ ಅವಳ ಕೆಲಸ. ರಜೆಗೆ ಬಂದವಳು ಒಂದು ಸಂಜೆ, “ದೊಡ್ಡಮ್ಮ, ಈಚೆಗೆ ಯಾರು ಅತ್ತರೂ ನಂಗೆ ಏನೂ ಅನ್ಸೋದೇ ಇಲ್ಲ. ಗಡಿಯಾರ ನೋಡ್ತಾ ಕೂತಿರ್ತೀನಿ. ಇವತ್ತು ಬರಬೇಕಾದೋರು ಬರದಿದ್ರೆ ಸಾಕು ಅನ್ಸುತ್ತೆ” ಎಂದಳು. ಕೆಲಸಗಳ್ಳಿಯಾಗಿದ್ದರೆ ಅವಳಿಗೆ ಇದು ನೋವಿನ ಸಂಗತಿಯೇ ಆಗುತ್ತಿರಲಿಲ್ಲ.

ಇಂಥ ಬತ್ತುವಿಕೆಗೆ ‘ಬರ್ನ್‌ಔಟ್’ ಎಂಬ ಹೆಸರನ್ನು ಬಳಸಿ 1974ರಲ್ಲಿ ಬರೆದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಧರ್ಮಾರ್ಥ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರಲ್ಲೂ ತಮ್ಮಲ್ಲೂ ಅದನ್ನು ಅವರು ಕಂಡಿದ್ದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಗುರುತುಗಳನ್ನು ವಿವರಿಸಿದರು: ನಿದ್ದೆಯಿಂದಲೂ ತೀರದ ಬಳಲಿಕೆ, ಎದುರಿಗಿರುವ ಮನುಷ್ಯ ಬರೀ ಒಂದು ‘ಕೇಸ್’ ಆಗಿಬಿಡುವುದು, ತಾನು ಮಾಡಿದ್ದರಿಂದ ಏನೂ ಆಗಲಿಲ್ಲವೆಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ, ಇದು ಕಾಯಿಲೆಯಲ್ಲ, ಕೆಲಸದ ಸ್ಥಿತಿಯಿಂದ ಹುಟ್ಟುವಂಥದ್ದು ಎಂದು ಹೇಳಿತು.

ಆದರೂ ನಮ್ಮಲ್ಲಿ ದಣಿದೆ ಎನ್ನಲು ನಾಚಿಕೆ. ತಾನು ಉರಿದು ಬೆಳಕು ಕೊಡುವ ಮೇಣದಬತ್ತಿಯ ಹೋಲಿಕೆಯನ್ನು ಉಪಾಧ್ಯಾಯರ ದಿನಾಚರಣೆಯಲ್ಲಿ ಎಷ್ಟು ಸಲ ಕೇಳಿಲ್ಲ! ಬತ್ತಿ ಮುಗಿದ ಮೇಲೆ ಬಂದವರ ಗತಿಯೇನೆಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದವರಿಗೆ ಸಿಕ್ಕ ಕಿವಿ ಸಂಜೆ ಐದಕ್ಕೆ ಬಂದವರಿಗೂ ಸಿಗಬೇಕಾದದ್ದು ನ್ಯಾಯ. ಹಾಗೆ ನೋಡಿದರೆ “ಇವತ್ತಿಗೆ ಇಷ್ಟು ಸಾಕು” ಎನ್ನುವುದು ಸ್ವಾರ್ಥವಲ್ಲ. ನಾಳೆ ಬರುವವರ ಪಾಲನ್ನು ಕಾಯ್ದಿಡುವುದು.

“ಬಾಗಿಲಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರೆ ಯಾರನ್ನು ವಾಪಸು ಕಳಿಸಲಿ?” ಎಂದು ಅವಳು ಕೇಳಿದಳು. ಇದು ನಿಜವಾದ ಕಷ್ಟ. ಯೋಗ ಮಾಡು, ರಜಾ ಹಾಕು ಎಂದು ಅವಳಿಗೇ ಬುದ್ಧಿ ಹೇಳಿದರೆ ಸಾಲು ಕರಗುವುದಿಲ್ಲ. ಭಾರ ಹಂಚಿಕೊಳ್ಳುವ ಕೈಗಳು ಬೇಕು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ್ದು ಇದನ್ನೇ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಕೆಲವೇ ತಜ್ಞರ ಹೆಗಲಿನಿಂದ ಇಳಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಅಪರಾತ್ರಿಯಲ್ಲೂ ಮಾತನಾಡಬಹುದು. ಆ ತುದಿಯಲ್ಲಿರುವುದೂ ಒಂದು ಜೀವವೆಂಬುದನ್ನು ಮರೆಯಬಾರದು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಇಬ್ಬರ ನಡುವೆ ಒಂದಿಷ್ಟು ಬಿಡುವು, ಕೇಳಿದ್ದನ್ನು ಹೆಸರು ಹೇಳದೆ ಇಳಿಸಿಕೊಳ್ಳಲು ಒಬ್ಬ ಹಿರಿಯ ಸಮಾಲೋಚಕರು: ಇವನ್ನು ಒದಗಿಸುವುದು ಕೆಲಸ ಕೊಟ್ಟವರ ಹೊಣೆ.

ಹಾಲಾಹಲ ಕುಡಿದ ಶಿವನ ಕಥೆಯಲ್ಲಿ ಪಾರ್ವತಿಯೂ ಇದ್ದಾಳೆ. ವಿಷ ಹೊಟ್ಟೆಗಿಳಿಯದಂತೆ ಅವಳು ಕೊರಳು ಹಿಡಿದಳು. ದೇವರಿಗೇ ಒಂದು ಕೈ ಬೇಕಾಯಿತು. ಹಗಲೆಲ್ಲ ಕಂಡವರ ದುಃಖ ಕೇಳಿ ಮನೆಗೆ ಬರುವ ಹುಡುಗಿಯನ್ನು, “ನಿನ್ನದೇನಮ್ಮ, ಕೂತು ಮಾತಾಡೋ ಕೆಲಸ” ಎನ್ನದೆ, “ಊಟ ಆಯ್ತಾ, ಹೇಗಿದ್ದೀಯ?” ಎಂದು ವಿಚಾರಿಸುವವರು ಇರಬೇಕು.